ಬ್ರೆಸ್ಟ್ ಎಂಆರ್‌ಐ ಮಷೀನು ಪ್ರಾಜೆಕ್ಟ್: ಕಲಬುರಗಿಯೊಳಗ ಮಾಡ್ಲಾಕ ಆಗ್ತದೇನ್ರೀ?

ತೊಗರಿಕಣಜ:
ಎಲ್ಲರಿಗೂ ಶರಣು. ನಾನು ಕಲಬುರಗಿಯೊಳಗ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಕೊನೇ ವರ್ಷ ಓದ್ಲಾಕತ್ತೀನಿ. ನಾವು ನಾಲ್ಕು ಹುಡುಗ್ಯಾರು ಸೇರಿ ಪ್ರಾಜೆಕ್ಟಿಗೆ ಒಂದು ವಿಚಾರ ಮಾಡೀವಿ. ಸ್ತನ ಪರೀಕ್ಷೆಗಂತಲೇ ಒಂದು ಸಣ್ಣ ಎಂಆರ್‌ಐ ಮಷೀನು. ಇಡೀ ಮೈ ಒಳಗ ತಳ್ಳೋ ಸುರಂಗ ಬ್ಯಾಡ. ನಿಯೋಡಿಮಿಯಂ ತುಂಡು ಜೋಡಿಸಿ 0.2 ಟೆಸ್ಲಾದ ಕಾಯಂ ಅಯಸ್ಕಾಂತ, ಎದಿ ಭಾಗಕ್ಕಷ್ಟೇ.

ಯಾಕ ಈ ಹುಚ್ಚು ಅಂದ್ರ, ಹೋದ ವರ್ಷ ನಮ್ಮ ಚಿಗವ್ವನ್ನ ಇದೇ ಪರೀಕ್ಷೆಗೆ ಹೈದರಾಬಾದಿಗೆ ಕರ್ಕೊಂಡು ಹೋಗಿದ್ದೆ. 220 ಕಿಲೋಮೀಟರ್. ಒಳಗ ಅರ್ಧ ತಾಸು ಬೋರಲ ಮಲಗಿಸಿದ್ರು. ಹೊರಗ ಬಂದ ಮ್ಯಾಲ ‘ಪೇಶೆಂಟ್ ಅಲುಗಾಡ್ಯಾರ, ಚಿತ್ರ ಸರಿ ಬಂದಿಲ್ಲ, ಸೂಜಿಮದ್ದು ಮತ್ತ ಕೊಡ್ಬೇಕು, ಇವತ್ತ ಆಗಲ್ಲ’ ಅಂದು ವಾಪಸ್ ಕಳಿಸಿದ್ರು. ಚಿಗವ್ವ ದಾರಿ ತುಂಬ ‘ನಂದೇ ತಪ್ಪು’ ಅಂತ ಕೂತಿದ್ಲು. ಆಕಿ ತಪ್ಪೋ, ಮಷೀನ್ ಮಾಡಿದವರ ತಪ್ಪೋ ಅನ್ನೋದು ನನ್ನ ತಲಿಯೊಳಗ ಉಳೀತು.

ಶಹಾಬಾದ್_ಫರ್ಸಿ:
ತಂಗಿ, ವಿಚಾರ ಛಲೋ ಅದ. ಆದ್ರ ನಮ್ಮ ಮೇ ತಿಂಗಳ ಬಿಸಿಲಿಗೆ ನಿನ್ನ ಅಯಸ್ಕಾಂತ ಕಟಕ್ ರೊಟ್ಟಿ ಆಗ್ತದ ನೋಡು.

ಎರಡನೇ_ಶಿಫ್ಟ್:
ಫರ್ಸಿ ಅಣ್ಣ ನಗಸ್ಲಾಕ ಹೇಳಿದ್ದಾದ್ರೂ ಮಾತು ಖರೇ ಅದ. ನಾ ಸೇಡಂ ಕಡ್ಯಾಂವ, ಹೈದರಾಬಾದಿನ್ಯಾಗ ಎಂಆರ್‌ಐ ಸರ್ವಿಸ್ ಕೆಲಸ.

ನಿಯೋಡಿಮಿಯಂ ಅಯಸ್ಕಾಂತದ ಬಲ ಒಂದು ಡಿಗ್ರಿ ಬಿಸಿ ಏರಿದ್ರ ಸುಮಾರು ಶೇ. 0.11ರಷ್ಟು ಇಳೀತದ. ಕೇಳ್ಲಾಕ ಏನೂ ಅಲ್ಲ. ಆದ್ರ 0.2 ಟೆಸ್ಲಾದಾಗ ನೀರಿನ ಪ್ರೋಟಾನಿನ ಕಂಪನಾಂಕ 8.5 ಮೆಗಾಹರ್ಟ್ಸ್, ಅದರ ಶೇ. 0.11 ಅಂದ್ರ 9 ಕಿಲೋಹರ್ಟ್ಸ್ ಮ್ಯಾಲ. ಈಗ ಇನ್ನೊಂದು ಲೆಕ್ಕ ನೋಡ್ರಿ. ಸ್ತನದಾಗ ಕೊಬ್ಬು ಭಾಳ. ಕೊಬ್ಬು ಬೆಳ್ಳಗ ಕಾಣ್ತದ, ಮದ್ದು ಹೀರಿದ ಗಂಟೂ ಬೆಳ್ಳಗ ಕಾಣ್ತದ. ಅದಕ್ಕ ಕೊಬ್ಬಿನ ಸಿಗ್ನಲ್ ಅಡಗಿಸ್ಬೇಕು. ನೀರಿಗೂ ಕೊಬ್ಬಿಗೂ ಕಂಪನಾಂಕದಾಗ ಇರೋ ಅಂತರ ಹತ್ತು ಲಕ್ಷಕ್ಕ 3.5 ಪಾಲು. 1.5 ಟೆಸ್ಲಾದಾಗ ಅದು ಸುಮಾರು 220 ಹರ್ಟ್ಸ್ ಆಗ್ತದ, ಹಿಡೀಬಹುದು. ನಿಮ್ಮ 0.2ರಾಗ ಬರೇ 30 ಹರ್ಟ್ಸ್. ಹಿಡೀಬೇಕಾದ್ದು 30, ಒಂದೇ ಡಿಗ್ರಿಗೆ ಜಾರಿ ಹೋಗೋದು 9,000. ಕಾಯಂ ಅಯಸ್ಕಾಂತದ ಮಷೀನುಗಳೊಳಗ ಹೀಟರ್ ಹಾಕಿ ಒಂದೇ ಉಷ್ಣತೆಗೆ ಹಿಡಿದಿಡೋದು ಇದಕ್ಕೇ. ನಮ್ಮ ಊರಾಗ ಹೊರಗ 43 ಇದ್ದಾಗ ಎಸಿ ಒಂದು ತಾಸು ನಿಂತ್ರ ನಿಮ್ಮ ದಿನ ಹೋಯ್ತು ಅಂತ ತಿಳ್ಕೋರಿ.

ಇನ್ನೊಂದು ಮಾತು. ದೊಡ್ಡ ನಿಯೋಡಿಮಿಯಂ ತುಂಡು ಎರಡು ಒಂದಕ್ಕೊಂದು ಹಾರಿ ಕಚ್ಚಿದ್ರ ನಡುವ ಇದ್ದ ಬೆರಳು ಬೆರಳಾಗಿ ಉಳಿಯಲ್ಲ. ಹಾಸ್ಟೆಲ್ ರೂಮಿನ್ಯಾಗ ಅದರ ತಂಟಿಗೆ ಹೋಗಬ್ಯಾಡ್ರಿ.

ತೊಗರಿಕಣಜ:
ಸರ್, ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್‌ನವರು 1.5 ಟೆಸ್ಲಾ ಮಷೀನು ಇಲ್ಲೇ ಮಾಡ್ಯಾರಲ್ಲ? 2023ರಾಗ ಬಿಡುಗಡೆನೂ ಆತು. ನಾವ್ಯಾಕ ಮಾಡಬಾರದು?

ಎರಡನೇ_ಶಿಫ್ಟ್:
ಮಾಡ್ಯಾರ, ನನಗೂ ಅಭಿಮಾನ ಅದ. ಅದು ವರ್ಷಗಟ್ಟಲೆ ದುಡಿದ ತಂಡ, ನಿಮ್ಮದು ಎರಡು ಸೆಮಿಸ್ಟರ್. ಸ್ತನಕ್ಕಂತಲೇ ಪೂರ್ತಿ ಮಷೀನು ಮಾಡೋದೂ ಹೊಸ ವಿಚಾರ ಅಲ್ಲ. ಅಮೆರಿಕದಾಗ ಅರೋರಾ ಅನ್ನೋ ಕಂಪನಿ 1.5 ಟೆಸ್ಲಾದ್ದೇ ಮಾಡಿತ್ತು. ಆದ್ರ ಬಹುತೇಕ ದವಾಖಾನಿಯವರು ಇರೋ ಮಷೀನಿಗೇ ಬ್ರೆಸ್ಟ್ ಕಾಯಿಲ್, ಅಂದ್ರ ಎದಿ ಸುತ್ತ ಕೂತು ಸಿಗ್ನಲ್ ಹಿಡಿಯೋ ಆಂಟೆನಾ, ಹಾಕಿ ಕೆಲಸ ನಡಸ್ತಾರ. ನಿಮ್ಮ ಕೈಗೆ ಎಟುಕೋದು ಆ ಕಾಯಿಲು. ಅಯಸ್ಕಾಂತ ಬಿಡ್ರಿ.

ಭೀಮಾತೀರದ_ಡಾಕ್ಟ್ರು:
ನಾನು ಯಾದಗಿರಿ ಕಡೆಯ ಸರ್ಜನ್. ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗ್ಲೋಬೊಕಾನ್ ಎಂಬ ಜಾಗತಿಕ ಕ್ಯಾನ್ಸರ್ ಲೆಕ್ಕದ 2022ರ ಅಂದಾಜಿನಂತೆ ಆ ಒಂದು ವರ್ಷ ನಮ್ಮ ದೇಶದಲ್ಲಿ ಸುಮಾರು 1.92 ಲಕ್ಷ ಹೆಣ್ಣುಮಕ್ಕಳಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದಿದೆ. ನನ್ನ ಹತ್ತಿರ ಬರುವವರಲ್ಲಿ ಬಹಳಷ್ಟು ಜನರ ಗಂಟು ಆಗಲೇ ಕಣ್ಣಿಗೆ ಕಾಣುವಷ್ಟು ಬೆಳೆದಿರುತ್ತದೆ. ಅವರಿಗೆ ಎಂಆರ್‌ಐ ಬೇಕಿರಲಿಲ್ಲ, ಒಂದು ವರ್ಷ ಮೊದಲು ಯಾರಾದರೂ ಕೈಯಿಂದ ಮುಟ್ಟಿ ನೋಡಬೇಕಿತ್ತು. ಮುಂಬೈಯ ಟಾಟಾ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಣ್ಣುಮಕ್ಕಳನ್ನು 20 ವರ್ಷ ಹಿಂಬಾಲಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ್ದಷ್ಟೇ. ಎಲ್ಲ ವಯಸ್ಸಿನವರನ್ನು ಒಟ್ಟು ಹಿಡಿದರೆ ಸಾವಿನ ಇಳಿಕೆ ಖಚಿತವಾಗಿ ಹೇಳುವಷ್ಟು ಇರಲಿಲ್ಲ. 50 ದಾಟಿದವರಲ್ಲಿ ಮಾತ್ರ ಸಾವು ಶೇ. 30ರ ಹತ್ತಿರ ಇಳಿದಿತ್ತು. ಖರ್ಚು? ಎರಡು ಕೈ.

ತೊಗರಿಕಣಜ:
ಹಂಗಾದ್ರ ನಮ್ಮ ಪ್ರಾಜೆಕ್ಟ್ ಬ್ಯಾಡ ಅಂತೀರೇನು ಸರ್?

ಭೀಮಾತೀರದ_ಡಾಕ್ಟ್ರು:
ಬೇಡ ಅನ್ನಲಿಲ್ಲ ತಾಯಿ. ಯಾರಿಗೆ ಮಾಡುತ್ತೀರಿ ಎಂದು ಮೊದಲು ಗೊತ್ತು ಮಾಡಿಕೊಳ್ಳಿ ಎಂದೆ. ಇದು ಊರಿಗೆಲ್ಲ ಮಾಡುವ ಮೊದಲ ಪರೀಕ್ಷೆ ಅಲ್ಲ. ತಾಯಿಗೆ, ಅಕ್ಕನಿಗೆ ಬಂದು ಬಿಆರ್‌ಸಿಎ ಜೀನಿನ ದೋಷ ಇರುವವರಿಗೆ, ಗ್ರಂಥಿ ದಟ್ಟವಾಗಿ ಮ್ಯಾಮೊಗ್ರಾಮ್‌ನಲ್ಲಿ ಎಲ್ಲ ಬೆಳ್ಳಗೇ ಕಾಣುವವರಿಗೆ, ಆಪರೇಷನ್‌ಗೆ ಮುಂಚೆ ಗಡ್ಡೆ ಎಷ್ಟು ಹಬ್ಬಿದೆ ಎಂದು ತಿಳಿಯಲು, ಕೀಮೋ ಕೊಟ್ಟ ಮೇಲೆ ಎಷ್ಟು ಕರಗಿದೆ ಎಂದು ನೋಡಲು ಬೇಕಾಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ತೀರಾ ದಟ್ಟ ಸ್ತನದವರಿಗೆ ಮ್ಯಾಮೊಗ್ರಾಮ್ ಜೊತೆ ಎಂಆರ್‌ಐ ಅವಕಾಶವನ್ನೂ ಕೊಟ್ಟು ನೋಡಿದರು. ಎರಡು ತಪಾಸಣೆಗಳ ನಡುವೆ ಕಣ್ತಪ್ಪಿಸಿ ತಲೆ ಎತ್ತುವ ಕ್ಯಾನ್ಸರ್ ಸಾವಿರಕ್ಕೆ 5ರಿಂದ 2.5ಕ್ಕೆ ಇಳಿಯಿತು. 2019ರ ಮಾತು.

ಚಿಗವ್ವನ ಪರೀಕ್ಷೆ ಏಕೆ ಕೆಟ್ಟಿತು ಎಂದು ಹೇಳುತ್ತೇನೆ. ಗಡ್ಡೆ ಬೆಳೆಯಲು ಹೊಸ ರಕ್ತನಾಳ ಕಟ್ಟಿಕೊಳ್ಳುತ್ತದೆ, ಆ ನಾಳಗಳು ಸೋರುತ್ತವೆ. ಗ್ಯಾಡೋಲಿನಿಯಂ ಮದ್ದು ಕೊಟ್ಟ ಮೊದಲ ಒಂದೆರಡು ನಿಮಿಷದಲ್ಲೇ ಕೆಟ್ಟ ಗಡ್ಡೆ ಹೊಳೆಯುತ್ತದೆ, ಆಮೇಲೆ ಬೇಗ ಮಂಕಾಗುತ್ತದೆ. ಸಾದಾ ಗಂಟು ನಿಧಾನವಾಗಿ ಏರುತ್ತಲೇ ಇರುತ್ತದೆ. ಹಾಗಾಗಿ ಮದ್ದಿಗೆ ಮುಂಚೆ ಒಂದು ಚಿತ್ರ, ಆಮೇಲೆ ಒಂದೊಂದೂವರೆ ನಿಮಿಷಕ್ಕೊಂದು ಚಿತ್ರ ತೆಗೆದು ಒಂದರಿಂದ ಒಂದು ಕಳೆಯುತ್ತಾರೆ. ನಡುವೆ ಎರಡು ಮಿಲಿಮೀಟರ್ ಜರುಗಿದರೂ ಕಳೆದಾಗ ಕೊಬ್ಬಿನ ಅಂಚೇ ಗಡ್ಡೆಯ ಹಾಗೆ ಹೊಳೆಯುತ್ತದೆ. ಆ ಎರಡು ನಿಮಿಷ ಮತ್ತೆ ಸಿಗುವುದಿಲ್ಲ, ಮದ್ದು ಆಗಲೇ ಮೈಗೆ ಸೇರಿರುತ್ತದೆ. ಅಲುಗಾಡಿದ್ದು ಚಿಗವ್ವನ ತಪ್ಪಲ್ಲ. ಅಲುಗಾಡುವಂತೆ ಮಲಗಿಸಿದ್ದು ತಪ್ಪು.

ಗಡಗಡ_ರೂಮು:
ಡಾಕ್ಟ್ರು ಕೊನೀ ಸಾಲಿನ್ಯಾಗ ಹೇಳಿದ್ದೇ ನಾ ಹನ್ನೆರಡು ವರ್ಷದಿಂದ ಬಡ್ಕೊಳ್ಳಾಕತ್ತೀನಿ. ನಾ ಎಂಆರ್‌ಐ ಟೆಕ್ನಿಷಿಯನ್, ಹೆಣ್ಮಗಳು. ನಮ್ಮ ಟೇಬಲ್ ಮ್ಯಾಲ ಏನಾಗ್ತದಂತ ಕೇಳ್ರಿ.

ಅಂಗಾತ ಮಲಗಿದ್ರ ಸ್ತನ ಪಕ್ಕಡಿಗೆ ಹರಡ್ತದ, ಉಸಿರಾಡಿದಾಗೊಮ್ಮೆ ಮ್ಯಾಲಕ ಕೆಳಗ ಆಗ್ತದ. ಅದಕ್ಕ ಬೋರಲ ಮಲಗ್ಸಿ, ಕಾಯಿಲಿನ ಎರಡು ತೂತಿನೊಳಗ ಎರಡೂ ಜೋತು ಬೀಳೂಹಂಗ ಮಾಡ್ತೀವಿ. ಚಿತ್ರಕ್ಕ ಅದು ಛಲೋ. ಮನಷಾಳಿಗೆ? ಮೈಭಾರ ಎಲ್ಲಾ ಎರಡು ತೂತಿನ ನಡುವಿನ ಪಟ್ಟಿ ಮ್ಯಾಲ ಬೀಳ್ತದ, ಅಂದ್ರ ಎದಿ ನಡುವಿನ ಎಲುಬಿನ ಮ್ಯಾಲ. ಆ ಪಟ್ಟಿ ಗಟ್ಟಿ ಪ್ಲಾಸ್ಟಿಕ್, ಮ್ಯಾಲ ಬೆರಳು ದಪ್ಪ ಫೋಮ್. ಆ ಫೋಮ್ ಎರಡು ವರ್ಷದಾಗ ಸತ್ತು ಚಪ್ಪಟೆ ಆಗಿರ್ತದ, ಯಾರೂ ಬದಲ ಮಾಡಲ್ಲ. ಕೈ ತಲಿ ಮ್ಯಾಲ ಚಾಚಿಸಿದ್ರ ಹತ್ತು ನಿಮಿಷಕ್ಕ ಭುಜ ಜುಮ್ ಅಂತದ. ಹೊಲದಾಗ ಕಳೆ ತೆಗೆದು ತೆಗೆದು ಭುಜ ಹಿಡಿದ ಐವತ್ತರ ಹೆಣ್ಮಗಳಿಗೆ ‘ಅಲುಗಾಡಬ್ಯಾಡವ್ವಾ’ ಅಂದ್ರ ಎಷ್ಟು ಹೊತ್ತು ತಡೀತಾಳ? ಸರಿಯಾಗಿ ಮದ್ದು ಬಿಡೋ ಹೊತ್ತಿಗೇ, ತೋಳಿನ್ಯಾಗ ತಣ್ಣಗ ಹರಿದಾಗ, ಬೆಚ್ಚಿ ಜರುಗ್ತಾರ.

ಮತ್ತ ಪಿನ್ನು. ನಮ್ಮ ಹೆಣ್ಮಕ್ಕಳ ತಾಳಿಸರದಾಗ ಎರಡು, ಕುಪ್ಪಸದ ಒಳಗ ಒಂದು ಪಿನ್ನು ಇದ್ದೇ ಇರ್ತಾವ. ‘ಮೈಮ್ಯಾಲ ಏನರ ಅದ ಏನವ್ವಾ’ ಅಂದ್ರ ‘ಏನೂ ಇಲ್ರಿ’ ಅಂತಾರ. ಸುಳ್ಳಲ್ಲ, ಪಿನ್ನನ್ನ ಅವರು ಲೆಕ್ಕಕ್ಕೇ ಹಿಡಿದಿರಲ್ಲ. ಅದು ಕಬ್ಬಿಣ, ಬಾಗಿಲು ದಾಟಿದ ಕೂಡಲೇ ಹಾರ್ತದ. ನಾ ಈಗ ‘ಪಿನ್ನು ಎಷ್ಟು ಅವ’ ಅಂತಲೇ ಕೇಳ್ತೀನಿ. ಆಗ ಎಣಿಸಿ ಹೇಳ್ತಾರ.

ಬಿದ್ರಿ_ತಂತಿ:
ಬೀದರಿನಿಂದ ನಿವೃತ್ತ ಭೌತಶಾಸ್ತ್ರ ಮೇಷ್ಟ್ರು ಬರೀತಿದ್ದೇನೆ. ನನಗೆ ಈ ಕಥೆಯ ಮೊದಲ ಭಾಗ ಬಲು ಇಷ್ಟ. 1971ರಲ್ಲಿ ರೇಮಂಡ್ ಡಮೇಡಿಯನ್ ಇಲಿಗಳ ಗಡ್ಡೆಯ ತುಂಡನ್ನೂ ಆರೋಗ್ಯವಾದ ತುಂಡನ್ನೂ ಹೋಲಿಸಿ, ಗಡ್ಡೆಯೊಳಗಿನ ಪ್ರೋಟಾನುಗಳು ನೆಲೆಗೆ ಮರಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ ಎಂದು ತೋರಿಸಿದ. ಚಿತ್ರ ಬರಲಿಲ್ಲ, ಬರೀ ಅಂಕಿ. ಚಿತ್ರ ಮಾಡುವ ದಾರಿ 1973ರಲ್ಲಿ ಪಾಲ್ ಲಾಟರ್‌ಬರ್ ತೋರಿಸಿದರು, ಪೀಟರ್ ಮ್ಯಾನ್ಸ್‌ಫೀಲ್ಡ್ ಅದಕ್ಕೆ ವೇಗ ಕೊಟ್ಟರು. 2003ರ ನೊಬೆಲ್ ಇವರಿಬ್ಬರಿಗೆ ಬಂತು, ಡಮೇಡಿಯನ್‌ಗೆ ಇಲ್ಲ. ಆತ ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು ಜಗಳ ತೆಗೆದ! ಸ್ತನಕ್ಕೆ ಗ್ಯಾಡೋಲಿನಿಯಂ ಕೊಟ್ಟು ನೋಡುವ ಪದ್ಧತಿಗೆ ದಾರಿ ಹಾಕಿದವರು ಜರ್ಮನಿಯ ವೈದ್ಯೆ ಸಿಲ್ವಿಯಾ ಹೈವಾಂಗ್, 1986ರಲ್ಲಿ.

ಈಗ ಕಾಯಿಲ್. ಮಗಳೇ, ಕಾಯಿಲ್ ಎಂದರೆ ರೇಡಿಯೋದ ಆಂಟೆನಾ, ಅಷ್ಟೇ. ದೊಡ್ಡ ಕಿವಿ ಇಟ್ಟರೆ ಇಡೀ ಮೈಯ ಗದ್ದಲ ಕೇಳುತ್ತದೆ. ಸಣ್ಣ ಕಿವಿಯನ್ನು ಹತ್ತಿರ ಇಟ್ಟರೆ ಬೇಕಾದ ಕಡೆಯ ಪಿಸುಮಾತು ಕೇಳುತ್ತದೆ, ಆದರೆ ಆಳದ್ದು ಕೇಳುವುದಿಲ್ಲ. ಅದಕ್ಕೇ ಸಣ್ಣ ಸಣ್ಣ ರಿಂಗುಗಳನ್ನು ಎಂಟೋ ಹದಿನಾರೋ ಸುತ್ತಲೂ ಜೋಡಿಸುತ್ತಾರೆ. ಒಂದು ರಿಂಗಿನಿಂದ ಶುರು ಮಾಡು. 3 ಮಿಲಿಮೀಟರ್ ತಾಮ್ರದ ತಂತಿಯಲ್ಲಿ 12 ಸೆಂಟಿಮೀಟರ್ ವ್ಯಾಸದ ರಿಂಗ್ ಮಾಡಿದರೆ ಇಂಡಕ್ಟನ್ಸ್ 280 ನ್ಯಾನೋಹೆನ್ರಿ ಆಸುಪಾಸು. 1.5 ಟೆಸ್ಲಾಗೆ 63.87 ಮೆಗಾಹರ್ಟ್ಸ್‌ನಲ್ಲಿ ಅನುರಣನ ಬೇಕು, ಎಂದರೆ ರಿಂಗ್ ಅದಕ್ಕೇ ಟ್ಯೂನ್ ಆಗಬೇಕು, ಅಂದರೆ ಒಟ್ಟು 22 ಪಿಕೋಫ್ಯಾರಡ್. ಎಲ್ಲವನ್ನೂ ಒಂದೇ ಕಡೆ ಹಾಕಬೇಡ. ರಿಂಗನ್ನು ನಾಲ್ಕು ಕಡೆ ಕತ್ತರಿಸಿ 88ರಂತೆ ನಾಲ್ಕು ಹಾಕು. ಪಕ್ಕದ ಎರಡು ರಿಂಗು ಒಂದರ ಮಾತು ಇನ್ನೊಂದು ಕದಿಯುತ್ತವೆ. ಸ್ವಲ್ಪ ಮೇಲೇರಿಸಿ, ಕೇಂದ್ರಗಳ ನಡುವೆ ವ್ಯಾಸದ ಮುಕ್ಕಾಲು ಪಾಲು, ಇಲ್ಲಿ 9 ಸೆಂಟಿಮೀಟರ್, ಅಂತರ ಇಟ್ಟರೆ ಕದಿಯುವುದು ಬಹುತೇಕ ನಿಲ್ಲುತ್ತದೆ.

ಈ ಕಂಪನಾಂಕದಲ್ಲಿ ಕರೆಂಟು ತಾಮ್ರದ ಮೇಲ್ಮೈಯಿಂದ 8 ಮೈಕ್ರಾನ್ ಆಸುಪಾಸಿನಲ್ಲೇ ಹರಿಯುತ್ತದೆ. ಒಳಗಿನದೆಲ್ಲ ಬರೀ ಭಾರ. ಕಿಲುಬು ಹಿಡಿದ ತಂತಿ, ಒರಟು ಬೆಸುಗೆ ಬೇಡ. ನಮ್ಮೂರಿನ ಬಿದ್ರಿ ಕೆಲಸದವರು ಬೆಳ್ಳಿ ತಂತಿ ಕೂರಿಸುವುದನ್ನು ನೋಡಿದಾಗೆಲ್ಲ ಇವರ ಕೈಯಲ್ಲಿ ಕಾಯಿಲ್ ಮಾಡಿಸಬೇಕು ಅನಿಸುತ್ತದೆ. ಬೆಳ್ಳಿ ತಾಮ್ರಕ್ಕಿಂತ ಒಳ್ಳೆಯ ವಾಹಕ. ಕೆಳಗಿನ ಬಿದ್ರಿ ಮಾತ್ರ ಸತುವು, ತಾಮ್ರದ ಮಿಶ್ರಲೋಹ. ರಿಂಗಿನ ಸಿಗ್ನಲನ್ನೆಲ್ಲ ಅದೇ ನುಂಗಿಬಿಡುತ್ತದೆ!

ಎರಡನೇ_ಶಿಫ್ಟ್:
ಮೇಷ್ಟ್ರೇ, ಲೆಕ್ಕ ಖರೇ ಅದ. ಒಂದು ಎಚ್ಚರಿಕಿ ಮಾತ್ರ ನಾ ದಪ್ಪ ಅಕ್ಷರದಾಗ ಬರೀಬೇಕು. ಕೈಲೆ ಮಾಡಿದ ಕಾಯಿಲು ಯಾವ ಕಾರಣಕ್ಕೂ ಮನಷಾರ ಮೈಗೆ ಹಚ್ಚಿ ಮಷೀನಿನ್ಯಾಗ ತಳ್ಳಬ್ಯಾಡ್ರಿ. ದೊಡ್ಡ ಕಾಯಿಲ್ ರೇಡಿಯೋ ತರಂಗ ಬಿಟ್ಟಾಗ ನಿಮ್ಮ ರಿಂಗೂ ಅದೇ ಕಂಪನಾಂಕಕ್ಕ ಟ್ಯೂನ್ ಆಗಿರ್ತದ, ಶಕ್ತಿ ಎಲ್ಲಾ ಎಳಕೊಂಡು ಚರ್ಮ ಸುಡ್ತದ. ತರಂಗ ಬಿಡೋ ಹೊತ್ತಿನ್ಯಾಗ ರಿಂಗ್ ತಾನೇ ಆ ಟ್ಯೂನಿಂಗ್ ತಪ್ಪಬೇಕು, ಅದಕ್ಕ ಪಿನ್ ಡಯೋಡ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ ಹಾಕ್ತಾರ. ಅದು ಕೆಟ್ಟರೂ ಕಾಪಾಡ್ಲಾಕ ಇನ್ನೊಂದು ದಾರಿ ಇರಬೇಕು, ಫ್ಯೂಸೂ ಇರಬೇಕು. ಆಮ್ಯಾಲ ಪರೀಕ್ಷೆ, ಎಥಿಕ್ಸ್ ಕಮಿಟಿ, 2017ರ ವೈದ್ಯಕೀಯ ಸಾಧನ ನಿಯಮ. ನಿಮ್ಮ ಪ್ರಾಜೆಕ್ಟ್ ಟೇಬಲ್ ಮ್ಯಾಲ ಮೈ ಬದಲಿಗೆ ಇಡೋ ಉಪ್ಪುನೀರಿನ ಡಬ್ಬಿ ತನಕ ಇರಲಿ.

ಮತ್ತ ಸೂಪರ್ ಮಾರ್ಕೆಟ್ ಕಡಿ ಅಂಗಡ್ಯಾಗ ಸಿಗೋ ಕೆಪಾಸಿಟರ್ ಒಯ್ಯೋ ಮುಂದ ಒಂದು ಅಯಸ್ಕಾಂತ ಕಿಸೆದಾಗ ಇಟ್ಕೊಂಡು ಹೋಗ್ರಿ. ಕೆಪಾಸಿಟರಿನ ತಂತಿಕಾಲು ಅದಕ್ಕ ಅಂಟಿದ್ರ ಅದು ಎಂಆರ್‌ಐಗೆ ಬರಲ್ಲ.

ತೊಗರಿಕಣಜ:
ಮೂರು ವಾರ ಆಯ್ತು, ತಡ ಆತು ಕ್ಷಮಿಸ್ರಿ. ಇಂಟರ್ನಲ್ಸ್ ಇದ್ವು.

ಒಂದು ರಿಂಗ್ ಮಾಡಿದ್ವಿ. ನೆಟ್‌ವರ್ಕ್ ಅನಲೈಸರ್ ಮ್ಯಾಲ ಅನುರಣನ ಮೊದಲು 58ಕ್ಕ ಕೂತಿತ್ತು. ಬೆಸುಗಿ ಹಾಕೋ ಕಡಿ ತಂತಿ ಉದ್ದ ಬಿಟ್ಟಿದ್ವಿ. ಕತ್ತರಿಸಿ ಟ್ರಿಮ್ಮರ್ ತಿರುವಿ 63.9ಕ್ಕ ತಂದ್ವಿ. ಖಾಲಿ ಇದ್ದಾಗ ಕ್ಯೂ (ನಷ್ಟ ಕಮ್ಮಿ ಇದ್ದಷ್ಟು ಏರೋ ಅಂಕಿ) 210. ಉಪ್ಪುನೀರಿನ ಡಬ್ಬಿ ಒಳಗ ಇಳಿಸಿದ್ರ 160. ಮೇಷ್ಟ್ರೇ, ಇದು ಛಲೋ ಏನು, ಕೆಟ್ಟ ಏನು?

ಬಿದ್ರಿ_ತಂತಿ:
ಕೆಟ್ಟದ್ದು, ಆದರೆ ಕಲಿಸುವ ಕೆಟ್ಟದ್ದು. ಒಟ್ಟು ನಷ್ಟದಲ್ಲಿ ಡಬ್ಬಿಯ ಪಾಲು ಕಾಲು ಭಾಗವೂ ಇಲ್ಲ, ಮುಕ್ಕಾಲು ಗದ್ದಲ ನಿನ್ನ ರಿಂಗಿನದೇ. ಗದ್ದಲ ಪೇಶೆಂಟಿನಿಂದ ಬಂದರೆ ಸಹಿಸಬೇಕು, ಕಾಯಿಲಿನಿಂದ ಬಂದರೆ ತಿದ್ದಬೇಕು. ಸ್ತನದಲ್ಲಿ ಕೊಬ್ಬು ಜಾಸ್ತಿ ಇರುವುದರಿಂದ ಉಪ್ಪುನೀರಿಗಿಂತ ಇನ್ನೂ ಕಡಿಮೆ ಹೀರುತ್ತದೆ. ಅಂದರೆ ರಿಂಗ್ ಇನ್ನೂ ಚೊಕ್ಕ ಇರಬೇಕು. ಕೆಪಾಸಿಟರ್ ಯಾವುದು ಹಾಕಿದ್ದೀ?

ತೊಗರಿಕಣಜ:
ಸಾದಾ ಡಿಸ್ಕ್ ಸರ್. ಲ್ಯಾಬಿನ್ಯಾಗ ಇದ್ದವು. ಅಯಸ್ಕಾಂತಕ್ಕೂ ಅಂಟಿದ್ವು.

ಶಹಾಬಾದ್_ಫರ್ಸಿ:
ಅಂಟಿದ್ದು ಗೊತ್ತಿದ್ದೂ ಹಾಕೀಯಲ್ಲ ತಂಗಿ, ಪಕ್ಕಾ ಇಂಜಿನಿಯರ್ ಆದಿ ನೋಡು.

ಸೂಜಿದಾರ:
ನಾ ಇಷ್ಟು ದಿನ ಸುಮ್ಕ ಓದ್ಲಾಕತ್ತಿದ್ದೆ. ನನಗ ಮೆಗಾಹರ್ಟ್ಸ್ ತಿಳಿಯಲ್ಲ. ಬ್ಲೌಸ್ ಹೊಲಿತೀನಿ, ಕಲಬುರಗಿಯೊಳಗೇ. ಮೇಷ್ಟ್ರು ‘12 ಸೆಂಟಿಮೀಟರ್ ರಿಂಗ್’ ಅಂತ ಬರದಾರಲ್ಲ, ಅದು ಯಾರ ಅಳತಿ?

ಕಟೋರಿ ಬ್ಲೌಸ್ ಹೊಲಿಯೋರಿಗೆ ಗೊತ್ತಿರ್ತದ. ಎದಿ ಸುತ್ತಳತಿ 36 ಅಂದ್ರ ಕಟೋರಿ ಒಂದೇ ಇರಲ್ಲ. ಒಬ್ಬಾಕಿಗೆ ಬೆನ್ನು ಅಗಲ, ಮುಂದ ಸಣ್ಣದು. ಇನ್ನೊಬ್ಬಾಕಿಗೆ ತಿರಗಾಮುರಗಾ. ಎಡಕ್ಕೂ ಬಲಕ್ಕೂ ಸರಿಸಮ ಇದ್ದವರನ್ನ ನಾ ಇನ್ನೂ ನೋಡಿಲ್ಲ. ಮಕ್ಕಳಿಗೆ ಹಾಲುಣಿಸಿದ ಮ್ಯಾಲ ಬ್ಯಾರೆ, ಮುಟ್ಟು ನಿಂತ ಮ್ಯಾಲ ಬ್ಯಾರೆ. ನಾವು ನಿಂತಾಗ ಅಳತಿ ತಗೋತೀವಿ. ಬಗ್ಗಿದ್ರ ಎಲ್ಲಾ ಬದಲ ಆಗ್ತದ, ಉದ್ದ ಜಾಸ್ತಿ, ಅಗಲ ಕಮ್ಮಿ. ನಿಮಗ ಬೇಕಾದ್ದು ಬಗ್ಗಿದಾಗಿನ ಅಳತಿ. ಅದನ್ನ ಯಾರು ತಗೊಂಡಾರ?

ಗಡಗಡ_ರೂಮು:
ಅಕ್ಕಾ, ನೀವು ಎಲ್ಲಿದ್ರಿ ಇಷ್ಟು ದಿನ! ಇದೇ ನಮ್ಮ ದಿನದ ಗೋಳು. ಕಾಯಿಲ್ ಒಂದೇ ಸೈಜು. ಸಣ್ಣ ಎದಿಯವರು ಬಂದ್ರ ತೂತಿನ ನಡುವ ಗಾಳಿಯೊಳಗ ತೇಲ್ತದ, ರಿಂಗಿನಿಂದ ದೂರ, ಚಿತ್ರ ಮಂಕು. ದೊಡ್ಡ ಎದಿಯವರು ಬಂದ್ರ ಗೋಡಿಗೆ ಒತ್ತಿ ಮಡಿಚಿಕೊಳ್ತದ, ಒತ್ತಿದ ಕಡಿ ಬೆಳ್ಳಗ ಉರೀತದ. ಅದಕ್ಕಿಂತ ಮುಖ್ಯ ಕಂಕುಳು. ಕ್ಯಾನ್ಸರ್ ಹೆಚ್ಚಾಗಿ ಹುಟ್ಟೋದು ಮ್ಯಾಲಿನ ಹೊರಗಿನ ಮೂಲ್ಯಾಗ, ಕಂಕುಳ ಕಡಿ. ಅಲ್ಲಿ ಗಂಟು ಇಳಿದಾದೋ ಇಲ್ಲೋ ನೋಡ್ಬೇಕಂದ್ರ ಕಾಯಿಲ್ ಅಲ್ಲಿತನಕ ಮುಟ್ಟಲ್ಲ.

ಭೀಮಾತೀರದ_ಡಾಕ್ಟ್ರು:
ಇದು ನಿಜವಾದ ಪ್ರಾಜೆಕ್ಟ್. ಕಂಕುಳ ಕಡೆಗೆ ಒಂದು ರಿಂಗ್ ಏರಿಸಿ. ಪಕ್ಕದ ಗೋಡೆ ತೆಗೆಯಲು ಬರುವಂತಿರಲಿ, ಬಯಾಪ್ಸಿ ಸೂಜಿ ಹಾಕುವುದು ಹೆಚ್ಚಾಗಿ ಪಕ್ಕದಿಂದ. ಇನ್ನೊಂದು: 2014ರಲ್ಲಿ ಕ್ರಿಸ್ಟಿಯಾನ ಕೂಲ್ ಎಂಬ ಜರ್ಮನ್ ವೈದ್ಯೆ ಮೂರು ನಿಮಿಷದ ಚುಟುಕು ಎಂಆರ್‌ಐನಿಂದಲೂ ಕ್ಯಾನ್ಸರ್ ಹಿಡಿಯಬಹುದು ಎಂದು ತೋರಿಸಿದರು. ನಮ್ಮ ಹೆಣ್ಣುಮಕ್ಕಳು ಅರ್ಧ ತಾಸು ಮಲಗಲಾರರು, ಹತ್ತು ನಿಮಿಷ ಮಲಗುತ್ತಾರೆ. ಆ ಹತ್ತು ನಿಮಿಷಕ್ಕೆ ಹಾಸಿಗೆ ಕಟ್ಟಿ.

ತೊಗರಿಕಣಜ:
ಸರ್, ಮೇಡಂ, ಎಲ್ಲರೂ ಕೇಳ್ರಿ. ಗೈಡ್ ಹತ್ರ ಹೋಗಿ ಹೆಸರು ಬದಲ ಮಾಡಿಸಿದ್ವಿ. ಈಗ ಕಾಯಿಲಿನ ಚೌಕಟ್ಟು ಮತ್ತ ಆಸರೆ. ಅಯಸ್ಕಾಂತ ಇಲ್ಲ. ಗೈಡ್ ಸರ್ ‘ಇದರಾಗ ಎಲೆಕ್ಟ್ರಾನಿಕ್ಸ್ ಎಲ್ಲದ’ ಅಂದ್ರು. ರಿಂಗ್ ತೋರಿಸ್ದೆ. ಕಾಂತಕ್ಕ ಅಂಟದ ಪೋರ್ಸಲೇನ್ ಕೆಪಾಸಿಟರ್ ತರಿಸಿ ಹಾಕಿದ್ವಿ. ಖಾಲಿ ಕ್ಯೂ 320, ಡಬ್ಬಿ ಇಟ್ಟಾಗ 217.

ಬಿದ್ರಿ_ತಂತಿ:
ಡಬ್ಬಿಯ ಪಾಲು ಈಗ ಮೂರನೇ ಒಂದಂಶ ಸಮೀಪ. ತೃಪ್ತಿ ಇಲ್ಲ, ಸಂತೋಷ ಇದೆ.

ತೊಗರಿಕಣಜ:
ಥರ್ಮಾಕೋಲ್ ಮ್ಯಾಲ ಪ್ಲಾಸ್ಟರ್ ಹಾಕಿ ಒಂದು ಮಾದರಿ ಮಾಡೀವಿ, ನಡುಪಟ್ಟಿ ಅಗಲ ಇಟ್ಟು. ನಾವು ನಾಲ್ಕೂ ಮಂದಿ ಮಲಗಿ ನೋಡಿದ್ವಿ. ನನಗ ಎಂಟು ನಿಮಿಷಕ್ಕ ಎದಿ ಎಲುಬು ನೋಯ್ತು. ಪಟ್ಟಿ ಅಗಲ ಮಾಡಿದ್ರ ನೋವು ಕಮ್ಮಿ, ಆದ್ರ ಒಳಗಿನ ಕಡಿ ಸ್ತನ ಪಟ್ಟಿ ಮ್ಯಾಲೇ ಉಳೀತದ, ಕೆಳಗ ಇಳಿಯಲ್ಲ. ಎರಡೂ ಹೆಂಗ ಆಗಬೇಕು?

ಸೂಜಿದಾರ:
ಪಟ್ಟಿ ಅಗಲ ಮಾಡಬ್ಯಾಡ. ಭಾರ ಬ್ಯಾರೆ ಕಡಿ ಹಂಚು. ಪಕ್ಕೆಲುಬಿನ ಕೆಳಗ, ಬ್ಲೌಸಿನ ಕೆಳಪಟ್ಟಿ ಬರ್ತದಲ್ಲ, ಅಲ್ಲಿ ಅಡ್ಡಕ್ಕ ಒಂದು ದಿಂಬು ಏರಿಸು. ಭುಜದ ಕೆಳಗ ಎರಡು. ಹೊಟ್ಟಿ ಕೆಳಗ ತೆಳ್ಳಂದು. ಕೈ ಮ್ಯಾಲ ಬ್ಯಾಡ, ಪಕ್ಕಕ್ಕ ಇರಲಿ. ದಿಂಬಿಗೆ ಹತ್ತಿ ತುಂಬು, ಫೋಮ್ ಕೂತು ಹೋಗ್ತದ. ಹತ್ತಿ ಬಿಚ್ಚಿ ಹಿಂಜಿಸಿ ಮತ್ತ ತುಂಬಬಹುದು. ಮ್ಯಾಲ ರೆಕ್ಸಿನ್ ಗವಸು ಹಾಕು, ಒರೆಸ್ಲಾಕ ಬರಬೇಕು. ಜಿಪ್ ಬ್ಯಾಡ, ಕಸಿ ಹಚ್ಚು.

ಮತ್ತ ಒಂದು ಮಾತು. ನಾ ಆ ಟೇಬಲ್ ಮ್ಯಾಲ ಎರಡು ಸಲ ಮಲಗೀನಿ. ನನಗ ಎಡಗಡಿ ಇಲ್ಲ, ತೆಗದಾರ. ಆ ಕಡಿ ತೂತು ಖಾಲಿ ಇರ್ತದ, ಮೈ ಅತ್ತ ವಾಲ್ತದ, ಬಲಗಡಿದು ತೂತಿನ ನಡುವ ನಿಲ್ಲಲ್ಲ. ಟೆಕ್ನಿಷಿಯನ್ ಹುಡುಗಿ ಟಾವೆಲ್ ಮಡಚಿ ತುರುಕಿದ್ಲು, ಜಾರಿ ಹೋತು. ತೂತಿಗೆ ಸರಿಯಾಗಿ ಕೂಡೋ ಒಂದು ಮುಚ್ಚಳದಂಥ ದಿಂಬು ಮಾಡು. ನಮ್ಮಂಥವರೇ ಆ ಮಷೀನಿಗೆ ಮತ್ತ ಮತ್ತ ಬರೋರು.

ಗಡಗಡ_ರೂಮು:
ಅಕ್ಕಾ, ಆ ಟಾವೆಲ್ ನಾವೂ ತುರುಕ್ತೀವಿ. ಇಷ್ಟು ವರ್ಷ ಅದು ಡಿಸೈನ್ ತಪ್ಪು ಅಂತ ಹೊಳೀಲೇ ಇಲ್ಲ.

ತೊಗರಿಕಣಜ:
ಅಕ್ಕಾರೆ, ಮುಚ್ಚಳದ ದಿಂಬು ಪಕ್ಕಾ. ಬಗ್ಗಿದಾಗಿನ ಅಳತಿ ತಗೊಳ್ಳಾಕ ನಮ್ಮ ಕ್ಲಾಸಿನ ಹುಡುಗ್ಯಾರು, ಇಬ್ಬರು ಮೇಡಂ, ನಮ್ಮ ಚಿಗವ್ವ ಒಪ್ಪ್ಯಾರ. ಹೆಸರು ಬರಿಯಲ್ಲ, ನಂಬರ್ ಅಷ್ಟೇ. ಆದ್ರ ಹೆಂಗ ತಗೋಬೇಕಂತ ನಮಗ ಗೊತ್ತಿಲ್ಲ. ನೀವು ಬರ್ತೀರೇನು?

ಸೂಜಿದಾರ:
ಶನಿವಾರ ಅಂಗಡಿ ಮಧ್ಯಾಹ್ನ ಮುಚ್ತೀನಿ. ಎರಡು ಗಂಟೆಗೆ ಬರ್ತೀನಿ. ರೂಮಿಗೆ ಪರದೆ ಹಾಕಿರ್ರಿ, ಗಂಡಸೂರು ಯಾರೂ ಬ್ಯಾಡ, ಗೈಡ್ ಸರ್‌ನೂ ಹೊರಗ. ಟೇಪು ನಂದೇ ತರ್ತೀನಿ. ಅದರ ತುದೀಗೆ ಕಬ್ಬಿಣದ ಪಟ್ಟಿ ಅದ, ನಡೀತದಲ್ಲ?

ತೊಗರಿಕಣಜ:
ನಡೀತದ ಅಕ್ಕಾ. ಇಲ್ಲಿ ಅಯಸ್ಕಾಂತ ಇಲ್ಲ.